ಕೊಚ್ಚಿಗೆ ಅವೇ ಮ್ಯಾಚ್ (ಎದುರಾಳಿ ಊರಿನ ಪಂದ್ಯ) ನೋಡೋಕೆ ಹೊರಟಿದ್ದೇವೆ: ರೈಲು, ಜೆರ್ಸಿ, ರಾತ್ರಿ ವಾಪಸ್ ಬರೋದು... ಗೊತ್ತಿರುವವರು ಹೇಳಿ

ನೀಲಿ_ಗಿರಿನಗರ
ಎಲ್ಲರಿಗೂ ನಮಸ್ಕಾರ. ಈ ಸಲ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ಮ್ಯಾಚನ್ನು ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲೇ ನೋಡಬೇಕು ಅಂತ ತೀರ್ಮಾನ ಮಾಡಿದ್ದೇವೆ. ನಾನು, ಪಿಯುಸಿ ಓದುತ್ತಿರುವ ತಂಗಿ, ಆಫೀಸಿನ ಇಬ್ಬರು ಗೆಳತಿಯರು. ಕಂಠೀರವದಲ್ಲಿ ವರ್ಷಗಳಿಂದ ಕೂಗಿ ಗಂಟಲು ಹರಿದುಕೊಂಡಿದ್ದೇವೆ. ಆದರೆ ಎದುರಾಳಿ ಊರಿಗೆ ಹೋಗುತ್ತಿರುವುದು ಇದೇ ಮೊದಲು.

ಅಮ್ಮನಿಗೆ ಭಯ. "ಅಷ್ಟು ಸಾವಿರ ಜನ ಹಳದಿ ಬಟ್ಟೆಯವರ ಮಧ್ಯೆ ನೀವು ನಾಲ್ಕು ಹುಡುಗೀರು ಹೋಗಿ ಏನು ಮಾಡ್ತೀರಾ" ಅಂತ ದಿನಾ ಕೇಳ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಬೇಕು. ರೈಲಾ ಬಸ್ಸಾ? ನೀಲಿ ಜೆರ್ಸಿ ಎಲ್ಲಿಂದ ಹಾಕಿಕೊಳ್ಳೋದು? ಮ್ಯಾಚ್ ಮುಗಿಯೋದು ರಾತ್ರಿ ಒಂಬತ್ತೂವರೆ, ಆಮೇಲೆ ಏನು? ಸುಮ್ನೆ "ಏನೂ ಆಗಲ್ಲ, ಹೋಗಿ ಬನ್ನಿ" ಅನ್ನಬೇಡಿ ಪ್ಲೀಸ್.

ಗೋಲಿ_ನಂ_1
ಏನೂ ಆಗಲ್ಲ, ಹೋಗಿ ಬನ್ನಿ 💙

ಕಂಠೀರವ_ಪಶ್ಚಿಮ
ಮೊದಲು ಒಂದು ಮಾತು. ಟಿಕೆಟ್ ಅವೇ ಸ್ಟ್ಯಾಂಡ್‌ನದ್ದೇ, ಅಂದರೆ ಹೊರಗಿನ ತಂಡದ ಅಭಿಮಾನಿಗಳಿಗೆ ಇಟ್ಟಿರುವ ಜಾಗದ್ದೇ ತಗೊಳ್ಳಿ. ಸಿಗಲಿಲ್ಲ ಅಂತ ಬೇರೆ ಗ್ಯಾಲರಿಯ ಟಿಕೆಟ್ ತಗೊಂಡು ನೀಲಿ ಬಟ್ಟೆಯಲ್ಲಿ ಅವರ ಮಧ್ಯೆ ಕೂರಬೇಡಿ. ಅದರಲ್ಲೂ ಪೂರ್ವದ ಗ್ಯಾಲರಿ ಕಡೆ ಬೇಡವೇ ಬೇಡ, ಅದು ಬ್ಲಾಸ್ಟರ್ಸ್ ಅಭಿಮಾನಿಗಳ ಗುಂಪು ಮಂಜಪ್ಪಡದವರ ಜಾಗ. ಅವರು ಕೆಟ್ಟವರು ಅಂತಲ್ಲ. ತೊಂಬತ್ತು ನಿಮಿಷವೂ ನಿಂತು, ಕುಣಿದು, ಡ್ರಮ್ ಹೊಡೆಯುವ ಜಾಗ ಅದು. ನಮ್ಮವರು ಗೋಲ್ ಹೊಡೆದಾಗ ನೀವು ಎದ್ದು ಕೂಗಿದರೆ ಸುತ್ತಲಿನ ನೂರು ಜನರಲ್ಲಿ ಒಬ್ಬನಾದರೂ ತಲೆ ಕೆಟ್ಟವನು ಇರ್ತಾನೆ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಹಳದಿ ಜೆರ್ಸಿ ಹಾಕಿಕೊಂಡು ಒಬ್ಬ ಕೂತರೂ ಇದೇ ಕಥೆ ಅಲ್ವಾ?

ನಮ್ಮ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ದೂರದ ಪಂದ್ಯಗಳಿಗೆ ಗುಂಪಾಗಿ ಹೋಗ್ತಾರೆ. ಅವರ ಪೇಜ್ ನೋಡ್ತಾ ಇರಿ, ಮೆಸೇಜ್ ಹಾಕಿ. ನಾಲ್ಕು ಜನ ಹೋಗೋದಕ್ಕೂ ಎಂಬತ್ತು ಜನರ ಜೊತೆ ಹೋಗೋದಕ್ಕೂ ತುಂಬಾ ವ್ಯತ್ಯಾಸ ಇದೆ. ಗುಂಪು ಬರುತ್ತೆ ಅಂತ ಮೊದಲೇ ತಿಳಿಸಿದರೆ ಅಲ್ಲಿನ ಕ್ಲಬ್‌ನವರಿಗೂ ಪೊಲೀಸರಿಗೂ ಗೇಟು, ಬಂದೋಬಸ್ತು ಎಲ್ಲ ನೋಡಿಕೊಳ್ಳೋಕೆ ಅನುಕೂಲ.

ಆಫ್‌ಸೈಡ್_ಟ್ರ್ಯಾಪ್
ಜೆರ್ಸಿ ಮಡಚಿ ಇಟ್ಟುಕೊಳ್ಳಿ. ಸ್ಟ್ಯಾಂಡ್ ಒಳಗೆ ಹೋದ ಮೇಲೆ ಹಾಕಿಕೊಳ್ಳಿ. ಹೊರಗೆ ಬರುವಾಗ ಮತ್ತೆ ತೆಗೀರಿ. ಮುಗೀತು.

ಆಸ್ಟಿನ್‌ಟೌನ್_ಬಾಯ್
ಬಣ್ಣ ಬಚ್ಚಿಟ್ಟುಕೊಂಡು ಹೋಗೋದಾದರೆ ಮನೇಲಿ ಟಿವಿ ನೋಡಿದರೆ ಸಾಕಲ್ವಾ ಗುರು? ನಮ್ಮ ಟೀಮಿಗೆ ಅಲ್ಲಿ ನಾಲ್ಕು ನೀಲಿ ಜೆರ್ಸಿ ಕಾಣಬೇಕು. ಅದಕ್ಕೇ ತಾನೇ ಅಷ್ಟು ದೂರ ಹೋಗೋದು?

ಆಫ್‌ಸೈಡ್_ಟ್ರ್ಯಾಪ್
ಸ್ಟ್ಯಾಂಡ್ ಒಳಗೆ ಕಾಣಲಿ, ಬೇಡ ಅಂದವರು ಯಾರು? ಕಲೂರು ಜಂಕ್ಷನ್‌ನಲ್ಲಿ ಟೀ ಕುಡಿಯುವಾಗ ಕಾಣಬೇಕಾ? ಹೋಗ್ತಿರೋದು ನಾಲ್ಕು ಜನ ಹೆಣ್ಮಕ್ಕಳು, ಜೊತೆಗೆ ಚಿಕ್ಕವಳು ಬೇರೆ. ನಿನ್ನ ಧೈರ್ಯ ಅವರ ಮೇಲೆ ಹೇರಬೇಡ.

ಹಳದಿ_ಚೇಟ್ಟನ್
ಎಲ್ಲರಿಗೂ ನಮಸ್ಕಾರ, ನಾನು ಎದುರಾಳಿ ಪಾರ್ಟಿ 🙂 ಹುಟ್ಟಿದ್ದು ಆಲುವಾ, ಇರೋದು ಬೆಂಗಳೂರಿನ ಕೆ.ಆರ್. ಪುರದಲ್ಲಿ. ಕನ್ನಡ ಇಲ್ಲೇ ಕಲಿತದ್ದು.

ಅಕ್ಕಾ, ಹಗಲಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಕೊಚ್ಚಿಯ ಎಂ.ಜಿ. ರೋಡ್‌ನಲ್ಲಿ ಓಡಾಡಿದರೂ ಏನೂ ಆಗಲ್ಲ. ಚುಡಾಯಿಸ್ತಾರೆ, ಕಾಲೆಳೀತಾರೆ, ಮಕ್ಕಳು ಬಂದು ಸೆಲ್ಫಿ ಕೇಳ್ತಾರೆ. ಆದರೆ ಮ್ಯಾಚ್ ಮುಗಿದ ಮೇಲಿನ ಒಂದು ಗಂಟೆ ಬೇರೆ. ಅದರಲ್ಲೂ ನಾವು ಸೋತಿದ್ದರೆ. ಆಗ ಮೇಲೊಂದು ಕಪ್ಪು ಜಾಕೆಟ್ ಹಾಕಿಕೊಳ್ಳಿ, ಇದನ್ನು ನಿಮ್ಮ ಅಣ್ಣನ ಹಾಗೆ ಹೇಳ್ತಿದ್ದೇನೆ. ನಾನೂ ಕಂಠೀರವಕ್ಕೆ ಹಳದಿ ಹಾಕಿಕೊಂಡೇ ಬರ್ತೀನಿ, ಹೊರಡುವಾಗ ಅದರ ಮೇಲೆ ಶರ್ಟು ಹಾಕ್ತೀನಿ. ಮೆಟ್ರೊದಲ್ಲಿ ಒಬ್ಬನೇ ಇರ್ತೀನಲ್ಲ.

ಇನ್ನೊಂದು, 2023 ಆದಮೇಲೆ ಬಿಸಿ ಸ್ವಲ್ಪ ಜಾಸ್ತಿ. ಛೆತ್ರಿ ಬಾಲ್ ಮುಟ್ಟಿದರೆ ಸಾಕು, ಇಡೀ ಸ್ಟೇಡಿಯಂ ಕೂಗುತ್ತೆ. ಅದಕ್ಕೆ ಉತ್ತರ ಕೊಡೋಕೆ ಹೋಗಬೇಡಿ.

ಗೋಲಿ_ನಂ_1
ಛೆತ್ರಿಯ ಆ ಫ್ರೀ ಕಿಕ್! ತೊಂಬತ್ತನೇ ನಿಮಿಷದ್ದು. ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಾ ಇದ್ದ. ಎಷ್ಟು ಸಲ ನೋಡಿದರೂ ಸಾಲದು. ಅವರಿಗೆ ಆರು ಕೋಟಿ ದಂಡ ಬಿತ್ತು.

ಕಂಠೀರವ_ಪಶ್ಚಿಮ
ತೊಂಬತ್ತನೇ ನಿಮಿಷ ಅಲ್ಲ, ಎಕ್ಸ್‌ಟ್ರಾ ಟೈಮ್‌ನಲ್ಲಿ, 96ನೇ ನಿಮಿಷ. 2023ರ ಮಾರ್ಚ್ 3, ನಮ್ಮ ಕಂಠೀರವದಲ್ಲೇ, ನಾಕೌಟ್ ಪಂದ್ಯ. ಗೋಲ್ ಕೊಟ್ಟಿದ್ದಕ್ಕೆ ಬ್ಲಾಸ್ಟರ್ಸ್‌ನ ಆಗಿನ ಕೋಚ್ ವುಕೊಮನೋವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ದಂಡ ನಾಲ್ಕು ಕೋಟಿ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಗಾಯ ಇನ್ನೂ ಹಸಿ ಇದೆ ಅನ್ನೋದು ನಿಜ.

ಹಳದಿ_ಚೇಟ್ಟನ್
ಅದು ಗೋಲ್ ಅಲ್ಲ. ಅಷ್ಟೇ ಹೇಳ್ತೀನಿ.

ಆಸ್ಟಿನ್‌ಟೌನ್_ಬಾಯ್
ಗೋಲೇ. ರೆಫರಿ ಕೊಟ್ಟಾಯ್ತು, ಸೆಮಿಫೈನಲ್‌ಗೂ ಹೋಗಾಯ್ತು.

ನೀಲಿ_ಗಿರಿನಗರ
ಅಣ್ಣಂದಿರೇ, ಆ ಗೋಲಿನ ವಿಷಯ ಬೇರೆ ಥ್ರೆಡ್‌ನಲ್ಲಿ ಹೊಡೆದಾಡಿ 🙏 ರೈಲಿನ ವಿಷಯ ಯಾರಾದರೂ ಹೇಳ್ತೀರಾ?

ಹಳಿ_ಮೇಲೆ
ಬೆಂಗಳೂರಿಂದ ಹೋಗುವವರಿಗೆ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಒಳ್ಳೇದು, ಹಳಬರು ಐಲ್ಯಾಂಡ್ ಅಂತಾರಲ್ಲ ಅದೇ. ರಾತ್ರಿ ಹತ್ತಿದರೆ ಬೆಳಿಗ್ಗೆ ಕೊಚ್ಚಿಯ ಎರ್ನಾಕುಳಂ ಟೌನ್ ಸ್ಟೇಷನ್. ಬೆಳಿಗ್ಗೆ ಆರರ ಸುಮಾರಿಗೆ ಹೊರಡುವ ಇಂಟರ್‌ಸಿಟಿಯೂ ಇದೆ. ಆದರೆ ಅದು ತಲುಪೋ ಹೊತ್ತಿಗೆ ಸಂಜೆ ಆಗಿರುತ್ತೆ. ರೈಲು ಲೇಟಾದರೆ ಲಗೇಜ್ ಹೊತ್ತುಕೊಂಡೇ ಸ್ಟೇಡಿಯಂಗೆ ಓಡಬೇಕು, ಬ್ಯಾಗು ಒಳಗೆ ಬಿಡಲ್ಲ. ಮ್ಯಾಚ್ ದಿನ ಇಂಟರ್‌ಸಿಟಿ ಬೇಡ.

ವಾಪಸ್ ಬರೋಕೆ ಅದೇ ಇಂಟರ್‌ಸಿಟಿ ಸರಿ. ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎರ್ನಾಕುಳಂ ಜಂಕ್ಷನ್‌ನಿಂದ ಹೊರಡುತ್ತೆ, ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಈಗ ವಂದೇ ಭಾರತ್ ಕೂಡ ಬಂದಿದೆ. ಟೈಮು ಆಗಾಗ ಬದಲಾಗುತ್ತೆ, ಬುಕ್ ಮಾಡುವ ದಿನ ನೋಡಿಕೊಳ್ಳಿ. ವೀಕೆಂಡ್ ಸೀಟು ಬೇಗ ಖಾಲಿ ಆಗುತ್ತೆ. ಬೆಂಗಳೂರಲ್ಲಿರುವ ಮಲಯಾಳಿಗಳೆಲ್ಲ ಊರಿಗೆ ಹೋಗೋದೂ ಅದೇ ರೈಲುಗಳಲ್ಲಿ.

ಗೋಲಿ_ನಂ_1
ಟೌನ್ ಸ್ಟೇಷನ್‌ನಿಂದ ಸ್ಟೇಡಿಯಂ ದೂರ, ಜಂಕ್ಷನ್‌ನಲ್ಲೇ ಇಳೀರಿ.

ಹಳದಿ_ಚೇಟ್ಟನ್
ಉಲ್ಟಾ ಹೇಳ್ತಿದ್ದೀರಿ. ಟೌನ್ ಅಂದರೆ ನಾವು ನಾರ್ತ್ ಅಂತೀವಿ, ಜಂಕ್ಷನ್ ಅಂದರೆ ಸೌತ್. ಸ್ಟೇಡಿಯಂಗೆ ನಾರ್ತೇ ಹತ್ತಿರ. ಹೊರಗೆ ಬಂದರೆ ಟೌನ್ ಹಾಲ್ ಮೆಟ್ರೊ. ಅಲ್ಲಿಂದ ಆಲುವಾ ಕಡೆಗೆ ಹೋಗುವ ಮೆಟ್ರೊ ಹತ್ತಿ. ಮುಂದಿನದು ಕಲೂರು, ಅದರ ಮುಂದಿನದೇ ಜೆಎಲ್‌ಎನ್ ಸ್ಟೇಡಿಯಂ. ಇಳಿದರೆ ಎದುರಿಗೇ ಸ್ಟೇಡಿಯಂ. ವಿಮಾನದಲ್ಲಿ ಬರುವವರು ನೆಡುಂಬಾಶ್ಶೇರಿಯಿಂದ ಆಲುವಾಗೆ ಬಂದು ಇದೇ ಮೆಟ್ರೊ ಹಿಡಿಯಬಹುದು.

ಮ್ಯಾಚ್ ಇರುವ ದಿನ ರಾತ್ರಿ ಮೆಟ್ರೊ ಸಮಯ ವಿಸ್ತರಿಸೋದುಂಟು. ಹಿಂದಿನ ದಿನ ಪ್ರಕಟಣೆ ನೋಡಿ. ವಾಪಸ್ ಟಿಕೆಟನ್ನು ಹೋಗುವಾಗಲೇ ತಗೊಂಡುಬಿಡಿ. ಮ್ಯಾಚ್ ಬಿಟ್ಟ ಮೇಲೆ ಕೌಂಟರ್ ಮುಂದೆ ನಿಲ್ಲೋಕೇ ಆಗಲ್ಲ.

ಕುಡ್ಲ_ಕಿಕ್
ಎಲ್ಲರೂ ಬೆಂಗಳೂರಿನವರೇ ಅಂದುಕೊಂಡಿದ್ದೀರಲ್ಲ ಮಾರಾಯ್ರೆ! ಮಂಗಳೂರಿನಿಂದ ಹೋಗುವ ನಾವೂ ಇದ್ದೇವೆ. ಬೆಳಿಗ್ಗೆ ಐದರ ಸುಮಾರಿಗೆ ಪರಶುರಾಮ್ ಹತ್ತಿದರೆ ಮಧ್ಯಾಹ್ನ ಎರ್ನಾಕುಳಂ. ಮ್ಯಾಚಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಸಂಜೆ ಹೊರಡುವ ಮಲಬಾರ್, ಮಾವೇಲಿ ಎರಡೂ ನಡುರಾತ್ರಿ ದಾಟಿದ ಮೇಲೆ ತಲುಪುತ್ತವೆ. ಆ ಹೊತ್ತಿಗೆ ಇಳಿದು ಏನು ಮಾಡುವುದು? ಹೆಂಗಸರು, ಮಕ್ಕಳು ಜೊತೆಗಿದ್ದರೆ ಪರಶುರಾಮ್ ಒಳ್ಳೆಯದು.

ಮೈಸೂರು_ಮಿಡ್‌ಫೀಲ್ಡ್
ನಾವು ಐದು ಜನ ಕಾರಲ್ಲಿ ಹೋಗೋಣ ಅಂತಿದ್ದೇವೆ. ಗುಂಡ್ಲುಪೇಟೆ, ಗೂಡಲೂರು, ನಿಲಂಬೂರು ಮೇಲೆ. ಮ್ಯಾಚ್ ಮುಗಿಸಿ ರಾತ್ರಿಯೇ ಹೊರಟರೆ ಬೆಳಿಗ್ಗೆ ಆಫೀಸಿಗೆ ಸರಿಹೋಗುತ್ತಾ?

ಕಂಠೀರವ_ಪಶ್ಚಿಮ
ಬೇಡ. ದಯವಿಟ್ಟು ಬೇಡ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡಲ್ಲ, ಅದು ನಿಮಗೇ ಗೊತ್ತು. ಕಾಡಿನ ಗೇಟಿನ ಹತ್ತಿರ ನಾಲ್ಕು ಗಂಟೆಗೆ ಬಂದು ಕಾರಲ್ಲೇ ತೂಕಡಿಸಬೇಕು. ಅದಕ್ಕಿಂತ ಮುಖ್ಯ, ಹಗಲೆಲ್ಲ ಓಡಾಡಿ, ಎರಡು ಗಂಟೆ ಕೂಗಿ, ಆಮೇಲೆ ನಾಡುಕಾಣಿ ಘಾಟಿಯಲ್ಲಿ ನಡುರಾತ್ರಿ ಸ್ಟೀರಿಂಗ್ ಹಿಡಿಯೋದು ಆತ್ಮಹತ್ಯೆ.

ಬೆಂಗಳೂರಿನ ಕಾರಿನವರಿಗೂ ಇದೇ ಮಾತು. ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ತ್ರಿಶ್ಶೂರು ಆಗಿ ಸುಮಾರು ಐನೂರೈವತ್ತು ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಕುದಿರಾನ್ ಸುರಂಗ ಬಂದ ಮೇಲೆ ಇನ್ನೂ ಸಲೀಸು. ಆ ನೇರ ರಸ್ತೆಯೇ ನಿದ್ದೆ ಬರಿಸುತ್ತೆ. ಅವೇ ಮ್ಯಾಚ್ ಅಂದಕೂಡಲೇ ಎಲ್ಲರೂ ಎದುರಾಳಿ ಹುಡುಗರ ಬಗ್ಗೆ ಭಯ ಪಡ್ತಾರೆ. ನನಗೆ ಭಯ ಇರೋದು ಬೆಳಗಿನ ಮೂರು ಗಂಟೆಗೆ ಸೇಲಂ ಹತ್ತಿರ ಓಡ್ತಿರುವ ಟೆಂಪೊ ಟ್ರಾವೆಲರ್ ಬಗ್ಗೆ, ಅದರ ಡ್ರೈವರ್ ಹಿಂದಿನ ದಿನವೂ ಮಲಗಿಲ್ಲ ಅನ್ನೋದರ ಬಗ್ಗೆ. ವ್ಯಾನ್ ಬುಕ್ ಮಾಡುವವರು ಇಬ್ಬರು ಡ್ರೈವರ್ ಕೇಳಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಮೈಸೂರು_ಮಿಡ್‌ಫೀಲ್ಡ್
ಸರಿ ಅಣ್ಣ. ಒಂದು ದಿನ ರಜೆ ಹಾಕ್ತೀವಿ. ಉಳಿಯೋಕೆ ಎಲ್ಲಿ?

ಹಳದಿ_ಚೇಟ್ಟನ್
ನಾರ್ತ್ ಸ್ಟೇಷನ್ ಸುತ್ತಮುತ್ತ ಅಥವಾ ಎಂ.ಜಿ. ರೋಡ್. ಎರಡೂ ಮೆಟ್ರೊ ಪಕ್ಕ. ಫೋರ್ಟ್ ಕೊಚ್ಚಿ ಚೆಂದ, ಆದರೆ ಮ್ಯಾಚ್ ರಾತ್ರಿ ಅಲ್ಲಿಗೆ ವಾಪಸ್ ಹೋಗೋದು ಕಷ್ಟ, ಮೆಟ್ರೊ ಇಲ್ಲ. ಮರುದಿನ ಹೋಗಿ ನೋಡಿ.

ತಿಂಡಿಪೋತಿ_ಬಸವನಗುಡಿ
ನಾನು ಪ್ಯೂರ್ ವೆಜ್. ಕೊಚ್ಚಿಯಲ್ಲಿ ಉಪವಾಸವೇ ಗತಿಯಾ?

ಕುಡ್ಲ_ಕಿಕ್
ಎಂಥ ಉಪವಾಸ ಮಾರಾಯ್ರೆ! ಎರ್ನಾಕುಳಂನಲ್ಲಿ ಉಡುಪಿ ಹೋಟೆಲ್ ಇದೆ, ದೋಸೆ ಸಿಗುತ್ತದೆ. ಮಟ್ಟಾಂಚೇರಿಯಲ್ಲಿ ನಮ್ಮ ಕೊಂಕಣಿಯವರ ದೊಡ್ಡ ದೇವಸ್ಥಾನ ಉಂಟು, ತಿರುಮಲ ದೇವಸ್ವಂ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ದಕ್ಷಿಣಕ್ಕೆ ಬಂದ ಗೌಡ ಸಾರಸ್ವತರು ಕಟ್ಟಿದ್ದು. ಆ ಬೀದಿಯಲ್ಲಿ ಕೊಂಕಣಿ ಮಾತಾಡಿದರೆ ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ.

ಆಸ್ಟಿನ್‌ಟೌನ್_ಬಾಯ್
ನಾನ್‌ವೆಜ್‌ನವರು ಪೊರೋಟ, ಬೀಫ್ ತಿಂದೇ ಬನ್ನಿ. ಮೀನೂ ಬಿಡಬೇಡಿ, ಕರಿಮೀನ್.

ಗೋಲಿ_ನಂ_1
ಈ ಥ್ರೆಡ್ ಅಡುಗೆಮನೆಗೆ ಹೋಗ್ತಿದೆ 😂

ಡಾಕ್ಟ್ರಮ್ಮ
ಅಡುಗೆಮನೆಯಿಂದ ಸ್ವಲ್ಪ ಹೊರಗೆ ಬನ್ನಿ, ಒಂದು ಮುಖ್ಯ ವಿಷಯ ಹೇಳಬೇಕು. ನಾನು ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುವವಳು, ಫುಟ್‌ಬಾಲ್ ಹುಚ್ಚು ನನಗೂ ಇದೆ.

ಇಲ್ಲಿ ಎಲ್ಲರೂ "ಅವರು ಹೊಡೀತಾರಾ" ಅಂತಲೇ ಕೇಳ್ತಿದ್ದೀರಿ. ಫುಟ್‌ಬಾಲ್ ನೋಡೋಕೆ ಹೋಗಿ ಸತ್ತವರಲ್ಲಿ ಹೆಚ್ಚಿನವರು ಎದುರಾಳಿಗಳ ಹೊಡೆತದಿಂದ ಸತ್ತಿಲ್ಲ. ಇಂಡೊನೇಷ್ಯಾದ ಮಲಾಂಗ್‌ನಲ್ಲಿ 2022ರ ಅಕ್ಟೋಬರ್ 1ರಂದು ಅರೆಮಾ ಮತ್ತು ಪರ್ಸೆಬಾಯ ಮ್ಯಾಚ್. ದ್ವೇಷ ಜಾಸ್ತಿ ಅಂತ ಪರ್ಸೆಬಾಯ ಅಭಿಮಾನಿಗಳನ್ನು ಸ್ಟೇಡಿಯಂ ಒಳಗೇ ಬಿಟ್ಟಿರಲಿಲ್ಲ. ಆದರೂ 135 ಜನ ಸತ್ತರು. ಪೊಲೀಸರು ಅಶ್ರುವಾಯು ಸಿಡಿಸಿದರು, ಜನ ಗೇಟಿನತ್ತ ಓಡಿದರು, ಅಲ್ಲೇ ಒತ್ತಿಹೋದರು. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರಲ್ಲಿ 97 ಜನ, ಅಲ್ಲಿ ಗಲಾಟೆಯೇ ಇರಲಿಲ್ಲ. ನಮ್ಮ ಚಿನ್ನಸ್ವಾಮಿ ಗೇಟ್ ಹೊರಗೆ 2025ರ ಜೂನ್ 4ರಂದು 11 ಜನ ಹೋದರು. ಅದು ಗೆಲುವಿನ ಸಂಭ್ರಮ, ಎದುರಾಳಿ ಅಂತ ಯಾರೂ ಇರಲಿಲ್ಲ.

ನೂಕುನುಗ್ಗಲಲ್ಲಿ ಬಹಳಷ್ಟು ಜನ ಕಾಲ್ತುಳಿತಕ್ಕೆ ಸಿಕ್ಕಿ ಸಾಯೋದಿಲ್ಲ. ನಿಂತಲ್ಲೇ ಉಸಿರು ಕಟ್ಟಿ ಸಾಯ್ತಾರೆ. ಸುತ್ತಲಿಂದ ಒತ್ತಿದಾಗ ಎದೆ ಹಿಗ್ಗೋಕೆ ಜಾಗವೇ ಇರಲ್ಲ. ಒಂದು ಚದರ ಮೀಟರ್‌ನಲ್ಲಿ ಐದಾರು ಜನ ಆದರು ಅಂದರೆ ನಿಮ್ಮ ಕಾಲು ನಿಮ್ಮ ಮಾತು ಕೇಳಲ್ಲ. ಭುಜಕ್ಕೆ ನಾಲ್ಕೂ ಕಡೆ ಜನ ತಾಗ್ತಿದ್ದಾರೆ ಅಂದಕೂಡಲೇ ಪಕ್ಕಕ್ಕೆ ಸರಿದು ಹೊರಗೆ ಬನ್ನಿ. ಒಳಗೆ ಸಿಕ್ಕಿಹಾಕಿಕೊಂಡರೆ ಎರಡೂ ಕೈ ಮಡಚಿ ಎದೆಯ ಮುಂದೆ ತನ್ನಿ, ಮುಷ್ಟಿಯುದ್ಧದವರು ನಿಲ್ತಾರಲ್ಲ ಹಾಗೆ. ಜನರ ಅಲೆಗೆ ವಿರುದ್ಧ ತಳ್ಳಬೇಡಿ. ಅಲೆ ನಿಂತ ಕ್ಷಣದಲ್ಲಿ ಓರೆಯಾಗಿ ಅಂಚಿನ ಕಡೆ ಹೆಜ್ಜೆ ಹಾಕಿ. ಆದರೆ ಗೋಡೆ, ಬ್ಯಾರಿಕೇಡ್ ಪಕ್ಕ ಬೇಡ. ಫೋನ್ ಬಿತ್ತು, ಚಪ್ಪಲಿ ಬಿತ್ತು ಅಂತ ಬಗ್ಗಲೇಬೇಡಿ. ಬಿದ್ದರೆ ಪಕ್ಕಕ್ಕೆ ಮುದುಡಿ ಮಲಗಿ, ತಲೆಗೆ ಕೈ ಅಡ್ಡ ಕೊಡಿ, ಜಾಗ ಸಿಕ್ಕ ಕೂಡಲೇ ಏಳಿ.

ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಗಟ್ಟಿ ಶೂ ಹಾಕಿ, ಲೇಸ್ ಬಿಗಿಯಾಗಿ ಕಟ್ಟಿ. ಕೊಚ್ಚಿಯ ಸೆಕೆ ಬೆಂಗಳೂರಿನವರಿಗೆ ಅಭ್ಯಾಸ ಇಲ್ಲ. ನೀರಿನ ಬಾಟಲಿ ಒಳಗೆ ಬಿಡಲ್ಲ, ಅದಕ್ಕೆ ಮಧ್ಯಾಹ್ನದಿಂದಲೇ ನೀರು ಕುಡೀತಾ ಇರಿ.

ನೀಲಿ_ಗಿರಿನಗರ
ಡಾಕ್ಟ್ರಮ್ಮ, ಇದನ್ನು ತಂಗಿಗೆ ಓದಿಸಿದೆ. ಕೈ ಎದೆಯ ಮುಂದೆ ಹಿಡಿಯೋದು ಹೇಗೆ ಅಂತ ಇಬ್ಬರೂ ಹಾಲ್‌ನಲ್ಲಿ ನಿಂತು ಮಾಡಿ ನೋಡಿದೆವು. ತುಂಬಾ ಥ್ಯಾಂಕ್ಸ್.

ಹಿರಿಯ_ಹಾಫ್‌ಬ್ಯಾಕ್
ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಎದುರಾಳಿಗಳ ಜಗಳ ಏನೂ ಅಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. 1980ರ ಆಗಸ್ಟ್ 16, ಕಲ್ಕತ್ತದ ಈಡನ್ ಗಾರ್ಡನ್ಸ್, ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್. ಮೈದಾನದಲ್ಲಿ ಆಟಗಾರರ ಮಧ್ಯೆ ಕಿತ್ತಾಟ, ಸ್ಟ್ಯಾಂಡ್‌ನಲ್ಲಿ ಹೊಡೆದಾಟ. 16 ಜನ ಅಭಿಮಾನಿಗಳು ಸತ್ತರು. 2012ರ ಡಿಸೆಂಬರ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ ಅದೇ ಎರಡು ತಂಡ. ಸ್ಟ್ಯಾಂಡ್‌ನಿಂದ ಬಂದ ಕಲ್ಲು ಮೋಹನ್ ಬಗಾನ್ ಆಟಗಾರ ರಹೀಂ ನಬಿ ಮುಖಕ್ಕೆ ಬಡಿದು ಮ್ಯಾಚೇ ನಿಂತಿತು. ಒಬ್ಬ ಎಸೆದ ಕಲ್ಲು ಸಾಕು. ನಮ್ಮ ಕಡೆಯಿಂದಲೂ ಯಾರೂ ಏನೂ ಎಸೆಯಬಾರದು. ತಾಯಿ, ತಂಗಿ, ಊರು, ಭಾಷೆ ಎಳೆದು ಹಾಡು ಕಟ್ಟಬಾರದು. ಆಟದ ಬಗ್ಗೆ ಎಷ್ಟು ಬೇಕಾದರೂ ಕೂಗಿ.

ಆಸ್ಟಿನ್‌ಟೌನ್_ಬಾಯ್
ಇದು ಒಪ್ಪಿದೆ ಅಂಕಲ್. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇಟ್ಟು ಪೂಜೆ ಮಾಡುವ ಊರು ನಮ್ಮದು, ಬೈಗುಳದ ಹಾಡು ನಮಗೆ ಬೇಡ.

ಹಳದಿ_ಚೇಟ್ಟನ್
ಪೆಲೆ ಪ್ರತಿಮೆನಾ? ಎಲ್ಲಿ? ಈ ಭಾನುವಾರವೇ ಹೋಗಿ ನೋಡ್ತೀನಿ.

ಆಸ್ಟಿನ್‌ಟೌನ್_ಬಾಯ್
ಹಲಸೂರು ಕಡೆ ಬಾ ಚೇಟ್ಟಾ, ನಾನೇ ತೋರಿಸ್ತೀನಿ.

ಸೌತ್‌ಎಂಡ್_ಸುಮಾ
ಹೆಣ್ಮಕ್ಕಳಿಗೆ ಅಂತ ಬೇರೆ ಹೇಳಬೇಕು ಅನಿಸಿತು. ನಾನು ಕೊಚ್ಚಿಗೆ ಮ್ಯಾಚ್‌ಗೆ ಹೋಗಿ ಬಂದಿದ್ದೇನೆ. ಗೇಟಿನಲ್ಲಿ ಮಹಿಳೆಯರಿಗೆ ಬೇರೆ ಸಾಲು, ಮಹಿಳಾ ಪೊಲೀಸರೇ ತಪಾಸಣೆ ಮಾಡಿದರು. ಪವರ್ ಬ್ಯಾಂಕ್, ಸೆಂಟ್ ಬಾಟಲಿ, ಛತ್ರಿ, ಚಿಲ್ಲರೆ ಕಾಸು ಏನೂ ಬಿಡಲಿಲ್ಲ. ನನ್ನ ಮುಂದಿದ್ದ ಹುಡುಗಿಯ ಪರ್ಸ್ ಬಿಚ್ಚಿಸಿ ಒಂದೊಂದೇ ನಾಣ್ಯ ಬುಟ್ಟಿಗೆ ಹಾಕಿಸಿದರು, ಲಿಪ್‌ಸ್ಟಿಕ್ ಮಾತ್ರ ವಾಪಸ್ ಕೊಟ್ಟರು. ಅದಕ್ಕೇ ಹೋಟೆಲ್‌ನಲ್ಲೇ ಎಲ್ಲ ಬಿಟ್ಟು ಫೋನ್, ಗುರುತಿನ ಚೀಟಿ, ಸ್ವಲ್ಪ ನೋಟು ಅಷ್ಟೇ ಇಟ್ಟುಕೊಂಡು ಹೋಗಿ. ಫೋನ್ ಪೂರ್ತಿ ಚಾರ್ಜ್ ಮಾಡಿ, ಒಳಗೆ ಹೋದ ಮೇಲೆ ವಿಡಿಯೊ ಜಾಸ್ತಿ ತೆಗೀಬೇಡಿ. ರಾತ್ರಿ ಆಟೊ ಕರೆಯೋಕೆ ಚಾರ್ಜ್ ಬೇಕು.

ಹೋಟೆಲ್ ಹೆಸರು, ವಿಳಾಸ ಒಂದು ಚೀಟಿಯಲ್ಲಿ ಬರೆದು ಎಲ್ಲರ ಜೇಬಲ್ಲೂ ಇರಲಿ. ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಸತ್ತುಹೋಗುತ್ತೆ. ಬೇರೆ ಬೇರೆಯಾದರೆ ಎಲ್ಲಿ ಸೇರೋದು ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಗೇಟ್ ಹತ್ತಿರ ಬೇಡ, ಸ್ಟೇಡಿಯಂ ಕೆಳಗಿನ ಅಂಗಡಿ ಸಾಲೂ ಬೇಡ, ಅಲ್ಲೇ ಜನ ಕಟ್ಟಿಕೊಳ್ಳೋದು. ಸ್ವಲ್ಪ ದೂರದ ಜಾಗ ಇರಲಿ. ಪೊಲೀಸರು ಬೇಕಾದರೆ 112, ರೈಲಿನಲ್ಲಿ ತೊಂದರೆ ಆದರೆ 139.

ಗೋಲಿ_ನಂ_1
ಡ್ರಮ್, ಬ್ಯಾನರ್ ತಗೊಂಡು ಹೋಗಬಹುದಾ?

ಕಂಠೀರವ_ಪಶ್ಚಿಮ
ಮೊದಲೇ ಅನುಮತಿ ತಗೋಬೇಕು. ಬ್ಯಾನರ್‌ನಲ್ಲಿ ಏನು ಬರೆದಿದೆ ಅಂತಲೂ ಕೇಳ್ತಾರೆ. ಬಾವುಟ ಪರವಾಗಿಲ್ಲ, ಕೋಲು ಬಿಡಲ್ಲ. ಇದನ್ನೆಲ್ಲ ಗುಂಪಿನಲ್ಲಿ ಒಬ್ಬರೇ ಮಾತಾಡಲಿ.

ಇನ್ನು ಮ್ಯಾಚ್ ಮುಗಿದ ಮೇಲಿನ ವಿಷಯ. ಅವೇ ಸ್ಟ್ಯಾಂಡ್‌ನವರನ್ನು ಸ್ವಲ್ಪ ಹೊತ್ತು ಒಳಗೇ ಕೂರಿಸ್ತಾರೆ, ಹೊರಗಿನ ಜನ ಕರಗುವವರೆಗೆ. ಎಷ್ಟೋ ಜನ ಇದಕ್ಕೆ ಪೊಲೀಸರ ಜೊತೆ ಜಗಳಕ್ಕೆ ನಿಲ್ತಾರೆ. ಯಾಕೆ? ಆ ಅರ್ಧ ಗಂಟೆ ನಮ್ಮ ಒಳ್ಳೆಯದಕ್ಕೇ. ಆಟಗಾರರು ಬಂದು ಚಪ್ಪಾಳೆ ತಟ್ಟಿ ಹೋಗ್ತಾರೆ, ನಾವು ಹಾಡು ಹೇಳ್ತಾ ಕೂರೋಣ. 2017ರ ಡಿಸೆಂಬರ್ 31ಕ್ಕೆ ಇದೇ ಕೊಚ್ಚಿಯಲ್ಲಿ ಈ ಎರಡು ತಂಡ ಮೊದಲ ಸಲ ಆಡಿದ್ದು. ನಾವು 3-1ರಿಂದ ಗೆದ್ದೆವು. ಹೊಸ ವರ್ಷದ ಹಿಂದಿನ ರಾತ್ರಿ, ಊರು ತುಂಬಾ ಜನ. ಅವತ್ತು ಹೋದವರೂ ಕ್ಷೇಮವಾಗಿ ಬಂದರು.

ಆಫ್‌ಸೈಡ್_ಟ್ರ್ಯಾಪ್
ಒಂದು ಅನುಮಾನ. ಅರ್ಧ ಗಂಟೆ ಒಳಗೆ ಕೂತರೆ ಮೆಟ್ರೊ ತಪ್ಪಿಹೋಗಲ್ವಾ?

ಹಳದಿ_ಚೇಟ್ಟನ್
ಅದಕ್ಕೇ ಮೆಟ್ರೊ ಸಮಯ ನೋಡಿಕೊಳ್ಳಿ ಅಂದಿದ್ದು. ತಪ್ಪಿದರೂ ನಾರ್ತ್‌ಗೆ ಆಟೊದಲ್ಲಿ ಸ್ವಲ್ಪವೇ ದೂರ. ಸ್ಟೇಡಿಯಂ ಮುಂದೆ ಆಟೊ ಹುಡುಕಬೇಡಿ, ಪಾಲಾರಿವಟ್ಟಂ ಕಡೆಗೆ ಸ್ವಲ್ಪ ನಡೆದು ಆ್ಯಪ್‌ನಲ್ಲಿ ಬುಕ್ ಮಾಡಿ. ಡ್ರೈವರ್‌ಗೆ "ಚೇಟ್ಟಾ" (ಅಣ್ಣ) ಅನ್ನಿ, ಅರ್ಧ ಕೆಲಸ ಆಯ್ತು.

ನೀಲಿ ಅಕ್ಕಾ, ನನ್ನ ತಂಗಿ ಎರ್ನಾಕುಳಂನಲ್ಲೇ ಕೆಲಸ ಮಾಡ್ತಾಳೆ, ಅವಳೂ ಮ್ಯಾಚ್‌ಗೆ ಬರ್ತಾಳೆ. ಏನಾದರೂ ಬೇಕಾದರೆ ಖಾಸಗಿ ಮೆಸೇಜ್ ಹಾಕಿ. ನಂಬರ್ ಇಲ್ಲಿ ಎಲ್ಲರ ಮುಂದೆ ಹಾಕೋದು ಬೇಡ.

ನೀಲಿ_ಗಿರಿನಗರ
ಹಾಕ್ತೀನಿ ಅಣ್ಣ. ಅಮ್ಮನಿಗೆ ಇಡೀ ಥ್ರೆಡ್ ಓದಿ ಹೇಳಿದೆ. ಒಪ್ಪಿದ್ದಾರೆ, ಎರಡು ಷರತ್ತು ಹಾಕಿ. ರಾತ್ರಿ ಕೊಚ್ಚಿಯಲ್ಲೇ ಉಳೀಬೇಕು, ಗುಂಪಿನ ಜೊತೆಗೇ ಹೋಗಬೇಕು. ಹೋಗುವಾಗ ರಾತ್ರಿ ರೈಲು, ಬರುವಾಗ ಮರುದಿನದ ಇಂಟರ್‌ಸಿಟಿ, ನಾರ್ತ್ ಹತ್ತಿರ ರೂಮ್. ಜೆರ್ಸಿ ಹಗಲೆಲ್ಲ ಹಾಕಿಕೊಳ್ತೀವಿ, ಹೊರಗೆ ಬರುವಾಗ ಮೇಲೆ ಜಾಕೆಟ್.

ಆಸ್ಟಿನ್‌ಟೌನ್_ಬಾಯ್
ನಾವು ಎಂಟು ಜನ ಅದೇ ಐಲ್ಯಾಂಡ್‌ನಲ್ಲಿ ಬರ್ತೀವಿ. ಕಂಟೋನ್ಮೆಂಟ್‌ನಲ್ಲಿ ಹತ್ತುತ್ತೇವೆ. ಕೋಚ್ ನಂಬರ್ ಬಂದ ಮೇಲೆ ಹೇಳಿ ಅಕ್ಕಾ.

ಮೈಸೂರು_ಮಿಡ್‌ಫೀಲ್ಡ್
ನಾವೂ ಕಾರು ಬಿಟ್ಟು ರೈಲು ಹಿಡೀತೀವಿ. ಮೈಸೂರಿಂದಲೇ ಹೊರಡುವ ತಿರುವನಂತಪುರಂ ನಾರ್ತ್ (ಮೊದಲಿನ ಕೊಚುವೇಳಿ) ರೈಲಿಗೆ ವೇಟಿಂಗ್ ಲಿಸ್ಟ್ ಬರ್ತಿದೆ, ತತ್ಕಾಲ್ ನೋಡ್ತೀವಿ.

ಕಂಠೀರವ_ಪಶ್ಚಿಮ
ಅವೇ ಟಿಕೆಟ್ ಬಿಟ್ಟ ಕೂಡಲೇ ಇಲ್ಲೇ ಲಿಂಕ್ ಹಾಕ್ತೀನಿ. ಯಾರ್ಯಾರು ಬರ್ತೀರಿ, ಯಾವ ಊರಿಂದ, ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು ಅಂತ ಕೆಳಗೆ ಬರೀರಿ. ಪಟ್ಟಿ ಮಾಡಿ ಗುಂಪಿನವರಿಗೆ ಕಳಿಸ್ತೀನಿ.

ಕುಡ್ಲ_ಕಿಕ್
ಮಂಗಳೂರು, ಆರು ಜನ, ಮಕ್ಕಳು ಇಬ್ಬರು.

ತಿಂಡಿಪೋತಿ_ಬಸವನಗುಡಿ
ಬೆಂಗಳೂರು, ಇಬ್ಬರು. ಆ ಉಡುಪಿ ಹೋಟೆಲ್ ಎಲ್ಲಿ ಬರುತ್ತೆ ಅಂತ ಯಾರಾದರೂ ಹೇಳಿ.